ಎರಡು ದಿನದ ಮುಂಬೈ: ಏನು ನೋಡಬೇಕು, ಎಲ್ಲಿ ಉಣ್ಣಬೇಕು?

ಪ್ರಶ್ನೆ: ಬರುವ ಡಿಸೆಂಬರಿನಲ್ಲಿ ನಾವು ಗಂಡ ಹೆಂಡತಿ ಹಾಗೂ ಕಾಲೇಜು ಓದುತ್ತಿರುವ ಮಗಳು ಎರಡು ದಿನದ ಮಟ್ಟಿಗೆ ಮುಂಬೈ ನೋಡಿ ಬರಬೇಕೆಂದಿದ್ದೇವೆ. ಮಗಳು ಇಪ್ಪತ್ತೆರಡು ಜಾಗಗಳ ಪಟ್ಟಿ ಮಾಡಿದ್ದಾಳೆ. ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ, ಜುಹು, ಫಿಲ್ಮ್ ಸಿಟಿ ಎಲ್ಲವೂ ಅದರಲ್ಲಿವೆ. ನನಗೆ ಅಲ್ಲಿನ ತಿಂಡಿ ಊಟಗಳ ಮೇಲೆ ಆಸೆ. ಎರಡನ್ನೂ ಹೊಂದಿಸುವುದು ಹೇಗೆ? ಎಲ್ಲಿ ಇಳಿದುಕೊಂಡರೆ ಅನುಕೂಲ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಪಟ್ಟಿಯಲ್ಲಿ ಎಷ್ಟು ಜಾಗಗಳಿವೆ ಎನ್ನುವುದಕ್ಕಿಂತ ಅವು ಎಲ್ಲೆಲ್ಲಿವೆ ಎನ್ನುವುದನ್ನು ಮೊದಲು ನೋಡಿ. ಮುಂಬೈ ನಮ್ಮ ದಾವಣಗೆರೆಯಂತೆ ನಾಲ್ಕು ದಿಕ್ಕಿಗೂ ಹರಡಿದ ಊರಲ್ಲ. ಸಮುದ್ರದೊಳಕ್ಕೆ ಚಾಚಿಕೊಂಡು ಉತ್ತರ ದಕ್ಷಿಣವಾಗಿ ಉದ್ದಕ್ಕೆ ಬೆಳೆದ ಊರು. ಗೇಟ್‌ವೇ ದಕ್ಷಿಣದ ತುದಿಯಲ್ಲಿದ್ದರೆ ಜುಹು ಮತ್ತು ಫಿಲ್ಮ್ ಸಿಟಿ ಬಹಳ ಉತ್ತರಕ್ಕಿವೆ. ಇವನ್ನೆಲ್ಲ ಎರಡೇ ದಿನದಲ್ಲಿ ತುರುಕಿದರೆ ಅರ್ಧ ಹೊತ್ತು ದಾರಿಯಲ್ಲಿ ಕಳೆದು, ಹಸಿವಾದಾಗ ಎದುರಿಗೆ ಸಿಕ್ಕಿದ್ದನ್ನು ತಿಂದು ಮುಂದಕ್ಕೆ ಓಡಬೇಕಾಗುತ್ತದೆ. ಆದ್ದರಿಂದ ಮಗಳಿಗೆ ಬೇಸರವಾದರೂ ಈ ಸಲ ಜುಹು, ಫಿಲ್ಮ್ ಸಿಟಿಗಳನ್ನು ಕೈಬಿಡಿ. ದಾದರಿನಿಂದ ದಕ್ಷಿಣಕ್ಕಿರುವ ಹಳೆಯ ಮುಂಬೈಯೊಂದನ್ನೇ ನೆಚ್ಚಿಕೊಳ್ಳಿ. ನೋಡುವುದಕ್ಕೂ ಉಣ್ಣುವುದಕ್ಕೂ ಎರಡು ದಿನಕ್ಕೆ ಅದು ಬೇಕಾದಷ್ಟಾಯಿತು.

ಇಳಿದುಕೊಳ್ಳಲು ದಾದರ್ ಅಥವಾ ಮಾಟುಂಗ ಒಳ್ಳೆಯದು. ಹುಬ್ಬಳ್ಳಿ, ಬೆಳಗಾವಿ, ಮಿರಜ್, ಪುಣೆ ಮಾರ್ಗವಾಗಿ ದಾದರಿಗೆ ಹೋಗುವ ಚಾಲುಕ್ಯ ಮತ್ತು ಶರಾವತಿ ಎಕ್ಸ್‌ಪ್ರೆಸ್‌ಗಳು ದಾವಣಗೆರೆಯ ಮೇಲೆಯೇ ಹಾಯುತ್ತವೆ. ಇವು ಪ್ರತಿದಿನದ ಗಾಡಿಗಳಲ್ಲವಾದ್ದರಿಂದ ಹೋಗುವ ವಾರವನ್ನು ನೋಡಿಕೊಂಡು, ಮುಂಗಡ ಬುಕಿಂಗ್ ತೆರೆಯುವ 60ನೆಯ ದಿನವೇ ಟಿಕೆಟ್ ಮಾಡಿಸಿ. ಡಿಸೆಂಬರಿನ ರಜೆಗೆ ಆಮೇಲೆ ಸೀಟು ಸಿಗುವುದು ಕಷ್ಟ. ದಾದರಿನಲ್ಲಿ ಪಶ್ಚಿಮ ಮತ್ತು ಮಧ್ಯ ರೈಲ್ವೆಯ ಎರಡೂ ಲೋಕಲ್ ಮಾರ್ಗಗಳು ಕೂಡುತ್ತವೆ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಅದೇ ಪ್ರವಾಹ ಉತ್ತರಕ್ಕೆ ತಿರುಗುತ್ತದೆ. ನೀವು ಬೆಳಿಗ್ಗೆ ಏಳಕ್ಕೇ ಹೊರಟು, ರಾತ್ರಿ ಒಂಬತ್ತರ ಮೇಲೆ ಮರಳಿದರೆ ಲೋಕಲ್ ರೈಲಿನಲ್ಲಿ ಕುಳಿತೇ ಪ್ರಯಾಣ ಮಾಡಬಹುದು.

ಮೊದಲ ದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿದು, ತಕ್ಷಣ ಟ್ಯಾಕ್ಸಿ ಹಿಡಿಯದೆ ರಸ್ತೆ ದಾಟಿ ಎದುರು ಬದಿಗೆ ನಿಂತು ಆ ಕಟ್ಟಡವನ್ನು ನೋಡಿ. 1878ರಲ್ಲಿ ಆರಂಭವಾದ ಇದರ ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು. ಕಲ್ಲಿನಲ್ಲಿ ಕಡೆದ ಎಲೆ, ಬಳ್ಳಿ, ನವಿಲು, ಮಂಗಗಳನ್ನು ಮಗಳಿಗೆ ಹುಡುಕಲು ಹೇಳಿ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಧೋಬಿ ತಲಾವಿನಲ್ಲಿ, 1904ರಿಂದ ನಡೆಯುತ್ತಿರುವ ಕ್ಯಾನಿ ಎಂಬ ಇರಾನಿ ಹೋಟೆಲಿದೆ. ಬೆಳಗಿನ ತಿಂಡಿ ಅಲ್ಲೇ ಆಗಲಿ. ಚಹಾದ ಜೊತೆಗೆ ಬ್ರುನ್ ಮಸ್ಕಾ ಕೇಳಿ. ಬ್ರುನ್ ಎಂದರೆ ಹೊರಗೆ ಗಟ್ಟಿ ಸಿಪ್ಪೆಯಿರುವ ಪಾವ್. ಅದನ್ನು ಸೀಳಿ ಒಳಗೆ ಧಾರಾಳವಾಗಿ ಬೆಣ್ಣೆ ಹಚ್ಚಿ ಕೊಡುತ್ತಾರೆ. ಕಚ್ಚಿದರೆ ಅಂಗುಳಿಗೆ ಚುಚ್ಚುವ ಆ ಸಿಪ್ಪೆ ಬಿಸಿ ಚಹಾದಲ್ಲಿ ಅದ್ದಿದ ಕೂಡಲೇ ಮೆತ್ತಗಾಗಿ, ಚಹಾದ ಮೇಲೆ ಬೆಣ್ಣೆಯ ಹನಿಗಳು ತೇಲುತ್ತವೆ. ಬೆಣ್ಣೆಯ ರುಚಿ ಬಲ್ಲ ದಾವಣಗೆರೆಯವರಿಗೆ ಇದು ಖಂಡಿತ ಹಿಡಿಸುತ್ತದೆ.

ತಿಂಡಿಯಾದ ಮೇಲೆ ಓವಲ್ ಮೈದಾನಕ್ಕೆ ಬನ್ನಿ. ಮೈದಾನದ ನಡುವೆ ನಿಂತರೆ ಪೂರ್ವಕ್ಕೆ ಹತ್ತೊಂಬತ್ತನೆಯ ಶತಮಾನದ, ಚೂಪು ಕಮಾನುಗಳ ಗೋಥಿಕ್ ಶೈಲಿಯ ಕಟ್ಟಡಗಳು, ಪಶ್ಚಿಮಕ್ಕೆ ಇಪ್ಪತ್ತನೆಯ ಶತಮಾನದ, ದುಂಡು ಬಾಲ್ಕನಿಗಳ ಆರ್ಟ್ ಡೆಕೊ ಶೈಲಿಯ ಮನೆಗಳು ಎದುರುಬದುರಾಗಿ ಕಾಣುತ್ತವೆ. 2018ರಲ್ಲಿ ಯುನೆಸ್ಕೊ ಇವೆರಡನ್ನೂ ಒಟ್ಟಿಗೆ ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಪೂರ್ವದ ಸಾಲಿನಲ್ಲಿರುವ ರಾಜಾಬಾಯಿ ಗಡಿಯಾರದ ಗೋಪುರದ ಮುಂದೆ ನಿಮ್ಮ ಊರಿನವರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ನಮ್ಮ ದೇಶದ ಹತ್ತಿಗೆ ಚಿನ್ನದ ಬೆಲೆ ಬಂದಿತು. ಧಾರವಾಡ ಸೀಮೆಯ ಹತ್ತಿಯೂ ಮುಂಬೈ ಬಂದರಿನಿಂದಲೇ ಹಡಗು ಹತ್ತಿತು. ಆ ವ್ಯಾಪಾರದಲ್ಲಿ ದೊಡ್ಡ ಹೆಸರು ಮಾಡಿದ ಪ್ರೇಮಚಂದ್ ರಾಯಚಂದ್ ಕೊಟ್ಟ ಹಣದಿಂದ ಕಟ್ಟಿದ, ಅವರ ತಾಯಿಯ ಹೆಸರನ್ನು ಹೊತ್ತ ಗೋಪುರವಿದು. ಹತ್ತಿ ಗಿರಣಿಗಳಿಂದಲೇ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಿಂದ ಹೋದವರು ಮುಂಬೈಯನ್ನು ಬರೀ ಸಿನಿಮಾದವರ ಊರೆಂದು ನೋಡಿ ಬರಬಾರದು. ದಾದರಿಗೆ ಮರಳುವಾಗ ಪರೇಲ್, ಲಾಲ್‌ಬಾಗ್ ಕಡೆಯಿಂದ ಟ್ಯಾಕ್ಸಿಯಲ್ಲಿ ಬಂದರೆ, 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದ ಗಿರಣಿಗಳ ಜಾಗದಲ್ಲಿ ಎದ್ದಿರುವ ಗಗನಚುಂಬಿಗಳನ್ನೂ ಅಲ್ಲಲ್ಲಿ ಉಳಿದಿರುವ ಚಿಮಣಿಗಳನ್ನೂ ಕಾಣಬಹುದು.

ಮಧ್ಯಾಹ್ನ ಕಾಲಾ ಘೋಡಾದ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆಯನ್ನಾದರೂ ಕೊಡಿ. 1924ರಲ್ಲಿ ಉದ್ಘಾಟನೆಯಾದ ಗೇಟ್‌ವೇಯನ್ನೂ ಈ ಕಟ್ಟಡವನ್ನೂ ವಿನ್ಯಾಸ ಮಾಡಿದವರು ಒಬ್ಬರೇ, ಜಾರ್ಜ್ ವಿಟೆಟ್. ಗೇಟ್‌ವೇ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಸೂರ್ಯಾಸ್ತಕ್ಕೆ ಮರೀನ್ ಡ್ರೈವ್ ಸೇರಿ, ಅಲ್ಲಿಂದ ಗಿರ್‌ಗಾಂವ್ ಚೌಪಾಟಿಗೆ ಹೋಗಿ ಭೇಲ್ ತಿನ್ನಿ. ಮಂಡಕ್ಕಿ ಭಟ್ಟಿಗಳ ಊರಿನವರಾದ ನಿಮಗೆ ಮಂಡಕ್ಕಿ ಹೊಸದಲ್ಲ, ಆದರೆ ನಮ್ಮಲ್ಲಿ ನರ್ಗಿಸ್ ಮಂಡಕ್ಕಿಯೊಂದಿಗೆ ಮೆಣಸಿನಕಾಯಿ ಕಚ್ಚುವಾಗ ಖಾರವೇ ಮುಂದಿದ್ದರೆ, ಅಲ್ಲಿ ಹುಣಸೆ ಮತ್ತು ಖರ್ಜೂರದ ಸಿಹಿ ಚಟ್ನಿ ಮುಂದಿರುತ್ತದೆ. ಕಲಸಿದ ತಕ್ಷಣ ತಿನ್ನಬೇಕು. ಐದು ನಿಮಿಷ ಬಿಟ್ಟರೆ ಮೆತ್ತಗಾಗಿ ಹೋಗುತ್ತದೆ.

ಎರಡನೆಯ ದಿನ ಬೆಳಿಗ್ಗೆ ಎಲಿಫೆಂಟಾ, ಮಧ್ಯಾಹ್ನದ ಮೇಲೆ ಮಾಟುಂಗ ಮತ್ತು ದಾದರ್ ಎಂದು ಇಟ್ಟುಕೊಳ್ಳಿ. ಗೇಟ್‌ವೇಯಿಂದ ದೋಣಿಯಲ್ಲಿ ಒಂದು ಗಂಟೆಯ ದಾರಿ. ಸೋಮವಾರ ಗುಹೆಗಳಿಗೆ ರಜೆ, ಮಾಟುಂಗದ ಕೆಲವು ಹೋಟೆಲುಗಳಿಗೂ ಅಂದೇ ರಜೆ, ಹಾಗಾಗಿ ನಿಮ್ಮ ಎರಡು ದಿನಗಳಲ್ಲಿ ಸೋಮವಾರ ಬಾರದಂತೆ ನೋಡಿಕೊಳ್ಳಿ. ಬಂಡೆಯಲ್ಲೇ ಕಡೆದ, ಸುಮಾರು 20 ಅಡಿ ಎತ್ತರದ ಮೂರು ಮುಖದ ಸದಾಶಿವನ ಎದುರು ಗುಂಪು ಕರಗುವವರೆಗೂ ಕಾದು, ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ನೋಡಬೇಕು. ಎಡಗಡೆಯ ಭೈರವ ಮುಖದ ಸಿಡುಕು, ಬಲಗಡೆಯ ಮುಖದ ಮೃದುತ್ವ, ನಡುವಿನ ಮುಖದ ಶಾಂತಿ ಆಗ ಬೇರೆಬೇರೆಯಾಗಿ ಕಾಣುತ್ತವೆ.

ಮಾಟುಂಗಕ್ಕೆ ಹೋಗದೆ ಕನ್ನಡಿಗರು ಮುಂಬೈಯಿಂದ ಮರಳಬಾರದೆಂಬುದು ನನ್ನ ಅಭಿಪ್ರಾಯ. ಅಲ್ಲಿನ ರೈಲು ನಿಲ್ದಾಣದ ಹತ್ತಿರ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಇಂದಿಗೂ ಬಾಳೆಲೆಯ ಊಟ ಸಿಗುತ್ತದೆ. ಕರಾವಳಿಯಿಂದ ಬರಿಗೈಯಲ್ಲಿ ಹೋದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬೆಳೆದ ನಗರವದು. ಸಂಜೆ ದಾದರಿನಲ್ಲಿ ಥಾಲಿಪೀಠ, ಸಾಬುದಾಣಾ ವಡಾ, ಮಿಸಳ್ ತಿನ್ನಿ. ವಡಾಪಾವ್ ಹುಟ್ಟಿದ್ದು 1966ರಲ್ಲಿ ದಾದರ್ ನಿಲ್ದಾಣದ ಹೊರಗೆ, ಅಶೋಕ್ ವೈದ್ಯ ಅವರ ಗಾಡಿಯಲ್ಲಿ ಎಂದು ಮುಂಬೈಯವರು ಹೇಳುತ್ತಾರೆ. ಬಾಣಲೆಯಿಂದ ಆಗತಾನೆ ಎತ್ತಿದ ವಡೆಯಿರುವ ಗಾಡಿಯನ್ನೇ ಆರಿಸಿಕೊಳ್ಳಿ, ಒಣ ಬೆಳ್ಳುಳ್ಳಿ ಚಟ್ನಿಯನ್ನು ಹೆಚ್ಚಿಗೆ ಕೇಳಿ ಹಾಕಿಸಿಕೊಳ್ಳಿ.

ಪ್ರಶ್ನೆ: ನಮ್ಮ ತಾಯಿಯವರಿಗೆ ಎಪ್ಪತ್ತೆರಡು ವರ್ಷ, ಮೊಣಕಾಲು ನೋವಿದೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಅವರನ್ನು ಮುಂಬೈಗೆ ಕರೆದುಕೊಂಡು ಹೋಗಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಅವಶ್ಯವಾಗಿ ಕರೆದುಕೊಂಡು ಹೋಗಿ. ಊಟದ ಬಗ್ಗೆ ಚಿಂತೆ ಬೇಡ. ಗುಜರಾತಿಗಳು, ಜೈನರು ದೊಡ್ಡ ಸಂಖ್ಯೆಯಲ್ಲಿರುವ ಊರಾದ್ದರಿಂದ ‘ಜೈನ್’ ಎಂದು ಹೇಳಿದರೆ ಪಾವ್ ಭಾಜಿಯನ್ನೂ ಈರುಳ್ಳಿ, ಬೆಳ್ಳುಳ್ಳಿಯಿಲ್ಲದೆ ಮಾಡಿಕೊಡುವವರಿದ್ದಾರೆ. ಚಿತ್ರದುರ್ಗದವರು ದಾವಣಗೆರೆ ಅಥವಾ ಚಿಕ್ಕಜಾಜೂರಿಗೆ ಹೋಗಿ ರೈಲು ಹತ್ತುವುದು ಮೇಲು; ರಾಷ್ಟ್ರೀಯ ಹೆದ್ದಾರಿ 48ರ ಸ್ಲೀಪರ್ ಬಸ್ಸು ಮನೆಯ ಹತ್ತಿರವೇ ಸಿಗುತ್ತದಾದರೂ ಮೊಣಕಾಲು ನೋವಿರುವ ಹಿರಿಯರಿಗೆ ಬರ್ತ್ ಏರಿ ಇಳಿಯುವುದು, ಶೌಚಾಲಯಕ್ಕೆ ಕಾಯುವುದು ಹಿಂಸೆ.

ಲೋಕಲ್ ರೈಲು ಅವರಿಗೆ ಬೇಡ. 2025ರ ಅಕ್ಟೋಬರಿನಿಂದ ಆರೆ ಮತ್ತು ಕಫ್ ಪರೇಡ್ ನಡುವೆ ಪೂರ್ತಿಯಾಗಿ ಓಡುತ್ತಿರುವ ನೆಲದಡಿಯ ಮೆಟ್ರೋದಲ್ಲಿ ದಾದರ್, ಸಿದ್ಧಿವಿನಾಯಕ, ಶಿವಾಜಿ ಟರ್ಮಿನಸ್ ನಿಲ್ದಾಣಗಳಿವೆ, ಲಿಫ್ಟುಗಳಿವೆ. ದಕ್ಷಿಣ ಮುಂಬೈಯಲ್ಲಿ ಆಟೊಗಳಿಗೆ ಪ್ರವೇಶವಿಲ್ಲ, ಟ್ಯಾಕ್ಸಿಯನ್ನೇ ಹಿಡಿಯಬೇಕು. ಸಿದ್ಧಿವಿನಾಯಕನಿಗೆ ಮಂಗಳವಾರ ವಿಪರೀತ ನೂಕುನುಗ್ಗಲು, ಬೇರೆ ದಿನ ಬೆಳಿಗ್ಗೆ ಹೋಗಿ. ಎಲಿಫೆಂಟಾದಲ್ಲಿ ಗುಹೆಗೆ ಸುಮಾರು 120 ಮೆಟ್ಟಿಲು ಹತ್ತಬೇಕು. ತಾಯಿಯವರು ಚಿತ್ರದುರ್ಗದ ಕೋಟೆಯಲ್ಲಿ ಏಕನಾಥೇಶ್ವರಿ ಗುಡಿಯವರೆಗೆ ನಡೆಯಬಲ್ಲರಾದರೆ ಇದೂ ಸಾಧ್ಯ. ಹೊತ್ತುಕೊಂಡು ಹೋಗುವ ಡೋಲಿಗಳೂ ಸಿಗುತ್ತವೆ. ಆದರೆ ಅಲುಗಾಡುವ ದೋಣಿಗೆ ಹತ್ತಿ ಇಳಿಯುವುದೇ ಮೆಟ್ಟಿಲಿಗಿಂತ ಕಷ್ಟದ ಕೆಲಸ. ಅದರ ಬದಲು ವಾಳ್ಕೇಶ್ವರದ ಬಾಣಗಂಗಾ ಪುಷ್ಕರಣಿಯ ದಂಡೆಯಲ್ಲಿ ಒಂದು ಸಂಜೆ ಕೂರಿಸಿ.

ಪ್ರಶ್ನೆ: ಜುಲೈನಲ್ಲಿ ಕೆಲಸದ ಮೇಲೆ ಮುಂಬೈಗೆ ಹೋಗುವವನಿದ್ದೇನೆ. ಒಂದು ದಿನ ಬಿಡುವಿದೆ. ಮೀನಿನ ಊಟ ಮತ್ತು ಎಲಿಫೆಂಟಾ, ಇಷ್ಟೇ ನನ್ನ ಆಸೆ.
– ಓದುಗರು, ಹರಿಹರ

ಉತ್ತರ: ಎರಡಕ್ಕೂ ಅದು ಸರಿಯಾದ ತಿಂಗಳಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು. ಸಮುದ್ರ ಉಕ್ಕಿದ ದಿನ ಗೇಟ್‌ವೇಯ ದೋಣಿಗಳೂ ನಿಲ್ಲುತ್ತವೆ. ಕೆಲಸವನ್ನು ಮುಂದೂಡಲು ಸಾಧ್ಯವಿದ್ದರೆ ಅಕ್ಟೋಬರಿನ ನಂತರ ಹೋಗಿ, ದಾದರ್ ಕಡೆಯ ಮಾಲ್ವಣಿ ಹೋಟೆಲಿನಲ್ಲಿ ರವೆ ಹಚ್ಚಿ ಹುರಿದ ಬೊಂಬಿಲ್, ಸುರ್ಮಯಿ ಸಾರು, ಅನ್ನ ಕೇಳಿ. ಮುರುಗಲ ಹುಳಿ ಮತ್ತು ತೆಂಗಿನ ಹಾಲಿನಿಂದ ಮಾಡುವ ಸೋಲ್‌ಕಡಿಯನ್ನು ಊಟದ ಕೊನೆಗೆ ಕುಡಿಯಿರಿ. ಜುಲೈನಲ್ಲೇ ಹೋಗಬೇಕಾದರೆ ಆ ಒಂದು ದಿನವನ್ನು ವಸ್ತುಸಂಗ್ರಹಾಲಯಕ್ಕೂ ಇರಾನಿ ಹೋಟೆಲಿಗೂ ಕೊಟ್ಟು, ಛತ್ರಿಯ ಜೊತೆಗೆ ಒದ್ದೆಯಾದರೂ ಕೆಡದ ಚಪ್ಪಲಿ ಇಟ್ಟುಕೊಳ್ಳಿ.