ತಾರೀಕು ದಾಟಿದ ತೊಗರಿಬೇಳೆ ಎಸೀಬೇಕಾ?

ಅಕ್ಕಾ, ಊರಿಂದ ಅತ್ತೆ ಬಂದಿದ್ದಾರೆ. ಹೋದ ಭಾನುವಾರ ಅಡುಗೆಮನೆ ಕಪಾಟು ಖಾಲಿ ಮಾಡಿ ಒರೆಸುತ್ತಿದ್ದೆ. ತಾರೀಕು ಮುಗಿದ ಒಂದು ಕಿಲೋ ತೊಗರಿಬೇಳೆ, ಎರಡು ಪ್ಯಾಕೆಟ್ ಶ್ಯಾವಿಗೆ, ಒಂದು ಪೊಟ್ಟಣ ಬಿಸ್ಕತ್ತು ಕಸದ ಚೀಲಕ್ಕೆ ಹಾಕಿದೆ. ಅತ್ತೆ ಅಷ್ಟನ್ನೂ ಎತ್ತಿಟ್ಟುಕೊಂಡು ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತೇ ಆಡಲಿಲ್ಲ. ನಮ್ಮವರು "ಎಕ್ಸ್‌ಪೈರಿ ಆಗಿದ್ದು ಮಕ್ಕಳಿಗೆ ಹಾಕ್ಬೇಡ" ಅಂತಾರೆ. ಯಾರ ಮಾತು ಕೇಳಲಿ?
– ಡೊಂಬಿವಲಿಯ ಓದುಗರು

ಮೊದಲು ಪ್ಯಾಕೆಟ್ ತಿರುಗಿಸಿ, ತಾರೀಕಿನ ಪಕ್ಕ ಏನು ಬರೆದಿದೆ ನೋಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

'ಪಿಕೆಡಿ' ಅಂತ ಇದ್ದರೆ ಅದು ಪ್ಯಾಕ್ ಮಾಡಿದ ದಿನ. ಅದನ್ನೇ ಮುಗಿಯುವ ದಿನ ಅಂದುಕೊಂಡು ಒಳ್ಳೆಯ ರವೆ ಎಸೆದವರನ್ನು ನಮ್ಮ ಕಟ್ಟಡದಲ್ಲೇ ನೋಡಿದ್ದೇನೆ. 'ಬೆಸ್ಟ್ ಬಿಫೋರ್' ಅಂದರೆ ಆ ದಿನದವರೆಗೆ ರುಚಿ, ಪರಿಮಳ, ಗರಿಗರಿ ಎಲ್ಲ ಹೇಗಿರಬೇಕೋ ಹಾಗೇ ಇರುತ್ತದೆ ಅಂತ ಕಂಪನಿಯವರು ಕೊಡುವ ಮಾತು, ಅಷ್ಟೇ. ಮಾರನೆಯ ದಿನ ಬೆಳಗ್ಗೆ ಅದು ವಿಷ ಆಗುವುದಿಲ್ಲ. ಇದು ನನ್ನ ಸ್ವಂತ ಅಭಿಪ್ರಾಯ ಅಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಲ್ಲೇ ಇದೆ: ಆ ದಿನ ದಾಟಿದರೆ ಗುಣಮಟ್ಟ ಸ್ವಲ್ಪ ಇಳಿಯಬಹುದು, ಆದರೂ ತಿನ್ನಲು ಸುರಕ್ಷಿತವಾಗಿಯೇ ಇರಬಹುದು. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಬೇರೆ. ಆ ದಿನ ದಾಟಿದ್ದನ್ನು ಅಂಗಡಿಯವರು ಮಾರುವಂತಿಲ್ಲ, ನಾವೂ ತಿನ್ನಬಾರದು.

ಅದೇ ನಿಯಮದ ಪ್ರಕಾರ ಈಗ ಎಕ್ಸ್‌ಪೈರಿ ಅಥವಾ ಯೂಸ್ ಬೈ ಹಾಕುವುದು ಕಡ್ಡಾಯ, ಬೆಸ್ಟ್ ಬಿಫೋರ್ ಬೇಕಿದ್ದರೆ ಜೊತೆಗೆ ಹಾಕಬಹುದು. ಹಾಗಾಗಿ ಕೆಲವು ಪ್ಯಾಕೆಟ್ ಮೇಲೆ ಎರಡು ತಾರೀಕು ಇರುತ್ತದೆ. ನಾವು ಕಣ್ಣಿಗೆ ಮೊದಲು ಬಿದ್ದದ್ದನ್ನು ಓದಿ ಎಸೆದುಬಿಡುತ್ತೇವೆ, ಇನ್ನೊಂದಕ್ಕೆ ಇನ್ನೂ ತಿಂಗಳುಗಟ್ಟಲೆ ಸಮಯ ಇದ್ದರೂ. ನಿಮ್ಮ ಬೇಳೆಗೆ ದಾಟಿದ್ದು ಬೆಸ್ಟ್ ಬಿಫೋರ್ ಆದರೆ ಅತ್ತೆಯವರು ಸರಿ, ಎಕ್ಸ್‌ಪೈರಿ ಆದರೆ ನಿಮ್ಮ ಯಜಮಾನರು ಸರಿ.

ಬೆಸ್ಟ್ ಬಿಫೋರ್ ದಾಟಿದ ಬೇಳೆಯನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ. ಕಾಳಿಗೆ ತೂತು, ಬಲೆ ಕಟ್ಟಿದ ಹಾಗೆ ಅಂಟಿಕೊಂಡ ಪುಡಿ, ಓಡಾಡುವ ಹುಳ ಯಾವುದೂ ಇಲ್ಲ, ಮುಗ್ಗಲು ವಾಸನೆ ಇಲ್ಲ ಅಂದರೆ ಧೈರ್ಯವಾಗಿ ಬೇಯಿಸಿ. ಹಳೆ ಬೇಳೆ ಬೇಯಲು ಎರಡು ಸೀಟಿ ಜಾಸ್ತಿ ಬೇಕಾದೀತು. ಶ್ಯಾವಿಗೆ ಒಂದು ಹಿಡಿ ಹುರಿದು ಮೂಸಿ. ಬಿಸ್ಕತ್ತಿನಲ್ಲಿ ಎಣ್ಣೆಯಂಶ ಇರುವುದರಿಂದ ಒಂದು ಚೂರು ಮುರಿದು ಮೂಸಿ. ಕಮಟು ವಾಸನೆ ಬಂದರೆ ಬೇಡ. ಬೂಷ್ಟು ಕಂಡರೆ ತಾರೀಕು ಏನೇ ಇರಲಿ, ಎಸೆಯಿರಿ. ಅಷ್ಟು ಭಾಗ ಕೆರೆದು ಉಳಿದದ್ದು ತಿನ್ನೋಣ ಅನ್ನಬೇಡಿ.

ಇನ್ನೊಂದು ಮಾತು. ಪ್ಯಾಕೆಟ್ ಮೇಲಿನ ತಾರೀಕು ಸೀಲ್ ಒಡೆಯದೆ, ಅಲ್ಲಿ ಬರೆದ ಹಾಗೆ ಇಟ್ಟರೆ ಮಾತ್ರ. ನಮ್ಮ ಮುಂಬಯಿ ಮಳೆಗಾಲ ಗೊತ್ತಲ್ವಾ, ಜುಲೈನಲ್ಲಿ ಉಪ್ಪು ಕೂಡ ನೀರೊಡೆಯುತ್ತದೆ. ಪ್ಯಾಕೆಟ್ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟ ರವೆಗೆ ತಾರೀಕಿಗೆ ಮೊದಲೇ ಹುಳ ಬರುತ್ತದೆ. ನನ್ನಮ್ಮ ರವೆ ತಂದ ದಿನವೇ ಬೆಚ್ಚಗೆ ಹುರಿದು, ಆರಿಸಿ, ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬುತ್ತಿದ್ದರು. ನಾನು ಈಗಲೂ ಹಾಗೇ ಮಾಡುತ್ತೇನೆ, ಜೊತೆಗೆ ಪ್ಯಾಕೆಟ್‌ನಿಂದ ತಾರೀಕಿನ ತುಂಡು ಕತ್ತರಿಸಿ ಡಬ್ಬದೊಳಗೆ ಹಾಕುತ್ತೇನೆ.

ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ವರ್ಷಕ್ಕೆ ಹಾಳಾಗುತ್ತಿದ್ದ ಸುಮಾರು 8.8 ಕೋಟಿ ಟನ್ ಆಹಾರದಲ್ಲಿ ಶೇಕಡಾ 10ರವರೆಗೂ ಈ ತಾರೀಕುಗಳಿಗೆ ಸಂಬಂಧಿಸಿದ್ದು ಅಂತ ಆ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಆಯೋಗದ 2018ರ ಅಧ್ಯಯನ ಅಂದಾಜು ಮಾಡಿತ್ತು. ನಮ್ಮಲ್ಲಿ ಮನೆಗಳಲ್ಲೇ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಹಾಳಾಗುತ್ತದೆ ಅನ್ನುತ್ತದೆ ವಿಶ್ವಸಂಸ್ಥೆಯ ಪರಿಸರ ವಿಭಾಗದ 2024ರ ವರದಿ, ಸಿಪ್ಪೆ ಬೀಜ ಎಲ್ಲ ಸೇರಿ. ಒಂದು ಕಿಲೋ ಬೇಳೆಯ ಹಿಂದೆ ಕಲಬುರ್ಗಿ ಕಡೆಯ ರೈತನ ಐದಾರು ತಿಂಗಳ ದುಡಿಮೆ ಇದೆ. ಅತ್ತೆಯವರಿಗೆ ನೋವಾಗಿದ್ದು ನನಗೆ ಅರ್ಥವಾಗುತ್ತದೆ.

ಪನ್ನೀರ್ ಪ್ಯಾಕೆಟ್ 'ಯೂಸ್ ಬೈ' ನಿನ್ನೆಗೆ ಮುಗಿದಿದೆ. ಫ್ರಿಜ್‌ನಲ್ಲೇ ಇತ್ತು, ವಾಸನೆ ಏನೂ ಇಲ್ಲ. ರೂಮ್‌ಮೇಟ್ ಮಾಡೋಣ ಅಂತಾನೆ. ಮಾಡಬಹುದಾ ಅಕ್ಕಾ?
– ಪುಣೆ ಕೋಥ್ರೂಡ್‌ನ ವಿದ್ಯಾರ್ಥಿ

ಬೇಡ ತಮ್ಮಾ. ಬೇಳೆಗೆ ಹೇಳಿದ್ದು ಪನ್ನೀರಿಗೆ ನಡೆಯುವುದಿಲ್ಲ. ಲಿಸ್ಟೀರಿಯಾದಂಥ ರೋಗಾಣುಗಳು ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತವೆ, ವಾಸನೆ ಕೊಡದೆಯೂ ಇರುತ್ತವೆ. ಹಸಿ ಮಾಂಸ, ಮೀನಿಗೂ ಇದೇ ಮಾತು. ಮಗುವಿನ ಹಾಲಿನ ಪುಡಿ ಅಂತೂ ತಾರೀಕು ದಾಟಿದರೆ ಮುಟ್ಟಲೇಬಾರದು. ಮುಂದಿನ ಸಲ ಪನ್ನೀರನ್ನು ತಾರೀಕಿಗೆ ಎರಡು ದಿನ ಮೊದಲೇ ತುಂಡು ಮಾಡಿ ಫ್ರೀಜರ್‌ಗೆ ಹಾಕಿಬಿಡಿ. ಸ್ವಲ್ಪ ಪುಡಿಪುಡಿ ಆಗುತ್ತದೆ, ಭುರ್ಜಿಗೆ ಚೆನ್ನಾಗಿಯೇ ಇರುತ್ತದೆ.

ತಾರೀಕು ಹತ್ತಿರ ಬಂದ ಸಾಮಾನು ಅರ್ಧ ಬೆಲೆಗೆ ಹಾಕಿರುತ್ತಾರೆ. ತಗೊಳ್ಳೋದು ತಪ್ಪಾ?
– ವಾಸ್ಕೋದ ಓದುಗರು

ಖಂಡಿತ ತಪ್ಪಲ್ಲ, ನಾನೂ ತರುತ್ತೇನೆ. ಆದರೆ ಆ ವಾರದಲ್ಲಿ ಮುಗಿಯುವಷ್ಟೇ ತನ್ನಿ. ಅರ್ಧ ಬೆಲೆಗೆ ನಾಲ್ಕು ಡಬ್ಬ ಮೊಸರು ತಂದು ಮೂರು ಚೆಲ್ಲಿದರೆ ಏನು ಬಂತು? ಸಿಹಿ ಅಂಗಡಿಯಲ್ಲೂ ಕೇಳಿ. 2020ರ ಅಕ್ಟೋಬರ್ 1ರಿಂದ ಬಿಡಿ ಮಿಠಾಯಿಯ ತಟ್ಟೆ ಮುಂದೆಯೂ ಬೆಸ್ಟ್ ಬಿಫೋರ್ ತಾರೀಕಿನ ಚೀಟಿ ಇಡಬೇಕು ಅಂತ ಮಾಡಿದ್ದಾರೆ. ಹಬ್ಬಕ್ಕೆ ಹಾಲಿನ ಮಿಠಾಯಿ ಕೊಳ್ಳುವಾಗ ಆ ಚೀಟಿ ನೋಡಿ, ಎಷ್ಟು ದಿನ ಇದೆಯೋ ಅಷ್ಟಕ್ಕೆ ತಕ್ಕಂತೆ ಕಾಲು ಕಿಲೋನೋ ಅರ್ಧ ಕಿಲೋನೋ ತೂಗಿಸಿಕೊಳ್ಳಿ.