ಮರದ ಚೌಕಟ್ಟಿನ ಗೋಡೆ: ಮಾದರಿಯಲ್ಲಿ ಇಷ್ಟು ಬಿಗಿ ಏಕೆ?

ಪ್ರಶ್ನೆ: ಬೆಂಗಳೂರಿನ ಕಚೇರಿಯಿಂದ ಕ್ಯಾಲಿಫೋರ್ನಿಯಾದ ಮನೆಗಳಿಗೆ ಸ್ಟ್ರಕ್ಚರಲ್ ಲೆಕ್ಕ ಮಾಡುತ್ತೇನೆ. 2.44 ಮೀಟರ್ ಉದ್ದ, ಅಷ್ಟೇ ಎತ್ತರದ ಶಿಯರ್ ವಾಲ್ (ಅಡ್ಡ ಬಲ ತಡೆಯುವ ಗೋಡೆ), 406 ಮಿ.ಮೀ.ಗೊಂದು 38×89 ಮಿ.ಮೀ. ಸ್ಟಡ್ (ನೆಟ್ಟಗೆ ನಿಲ್ಲಿಸಿದ ಮರ), ಒಂದು ಬದಿಗೆ 11 ಮಿ.ಮೀ. ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿಸಿ ಒತ್ತಿದ) ಹಾಳೆ, ಅಂಚಿನಲ್ಲಿ 150 ಮಿ.ಮೀ.ಗೊಂದು ಮೊಳೆ. ಕಂಪ್ಯೂಟರ್ ಮಾದರಿಯಲ್ಲಿ ಮೇಲ್ತುದಿಗೆ 12.2 ಕಿಲೋನ್ಯೂಟನ್ ಅಡ್ಡ ಬಲ ಕೊಟ್ಟರೂ ಗೋಡೆ ವಾಲುವುದು 1 ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೆ. ಇದು ಸಾಧ್ಯವೇ ಇಲ್ಲ ಎನ್ನುತ್ತಾರೆ ಹಿರಿಯರು. ಮೆಶ್ (ಮಾದರಿಯನ್ನು ಒಡೆದ ಸಣ್ಣ ತುಂಡುಗಳ ಜಾಲ) ಇನ್ನೂ ಸಣ್ಣದು ಮಾಡಬೇಕೆ?

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ಸರಿ, ಆದರೆ ಮೆಶ್‌ನಿಂದ ಇದು ಸರಿಹೋಗದು. ಹಾಳೆಯ ನೋಡ್‌ಗಳನ್ನೂ (ಮೆಶ್‌ನ ತುಂಡುಗಳು ಸೇರುವ ಬಿಂದುಗಳು) ಸ್ಟಡ್‌ಗಳ ನೋಡ್‌ಗಳನ್ನೂ ನೀವು ಒಂದಾಗಿಸಿರಬೇಕು. ಹಾಗೆ ಮಾಡಿದರೆ ಹಾಳೆಯನ್ನು ಮರಕ್ಕೆ ಅಂಟು ಹಾಕಿ ಕೂರಿಸಿದಂತೆ. ನಿಜವಾದ ಗೋಡೆಯಲ್ಲಿ ಚೌಕಟ್ಟು ಓರೆಯಾಗುತ್ತದೆ, ಹಾಳೆ ಮಾತ್ರ ಬಹುತೇಕ ಆಯತವಾಗಿಯೇ ಉಳಿದು ತಿರುಗುತ್ತದೆ. ಆ ವ್ಯತ್ಯಾಸವನ್ನೆಲ್ಲ ಮೊಳೆಗಳೇ ಬಾಗಿ, ಸುತ್ತಲಿನ ಮರವನ್ನು ಜಜ್ಜಿ ಹೊಂದಿಸಬೇಕು.

ಅಮೆರಿಕದಲ್ಲಿ ಬಳಸುವ ನಾಲ್ಕು ಪದಗಳ ಸೂತ್ರದಲ್ಲಿ ಕೈಲೆಕ್ಕ ಹಾಕಿ ನೋಡಿ. ತುದಿಗಳಲ್ಲಿ ಜೋಡಿ ಸ್ಟಡ್, ಒಣಗಿದ ಮರ, 3.3 ಮಿ.ಮೀ. ದಪ್ಪದ ಮೊಳೆ ಎಂದು ಹಿಡಿದರೆ, ತುದಿಯ ಸ್ಟಡ್‌ಗಳು ಹಿಗ್ಗಿ ಕುಗ್ಗುವುದರಿಂದ ಬರುವುದು 0.3 ಮಿ.ಮೀ., ಹಾಳೆಯೇ ತುಸು ಓರೆಯಾಗುವುದರಿಂದ (ಶಿಯರ್) 0.8. ನಿಮ್ಮ ಮಾದರಿ ಕೊಟ್ಟದ್ದು ಇವೆರಡನ್ನೇ. ಅಂಚಿನ ಒಂದೊಂದು ಮೊಳೆಗೂ 0.75 ಕಿಲೋನ್ಯೂಟನ್ ಬಿದ್ದು ಅದು ಸುಮಾರು 0.5 ಮಿ.ಮೀ. ಜಾರುತ್ತದೆ, ಈ ಎತ್ತರದ ಗೋಡೆಯ ತುದಿಯಲ್ಲಿ ಅದು ಆರು ಪಟ್ಟಾಗಿ 3 ಮಿ.ಮೀ. ಆಗುತ್ತದೆ. ಗೋಡೆಯ ತುದಿಯನ್ನು ಅಡಿಪಾಯಕ್ಕೆ ಬಿಗಿಯುವ ಹೋಲ್ಡ್‌ಡೌನ್ ಇನ್ನು 3 ಮಿ.ಮೀ. ಮೇಲೆದ್ದರೆ ಒಟ್ಟು 7 ದಾಟುತ್ತದೆ.

ಹಾಗಾಗಿ ಹಾಳೆಗೆ ಬೇರೆ ನೋಡ್, ಸ್ಟಡ್‌ಗೆ ಬೇರೆ ನೋಡ್ ಕೊಟ್ಟು, ಮೊಳೆ ಇರುವ ಕಡೆಯಲ್ಲೆಲ್ಲ ಒಂದು ನಾನ್‌ಲೀನಿಯರ್ ಸ್ಪ್ರಿಂಗ್ (ಬಲವೂ ಜಾರಿಕೆಯೂ ಒಂದೇ ಅನುಪಾತದಲ್ಲಿ ಏರದ ಸ್ಪ್ರಿಂಗ್) ಇಡಿ. ಇಲ್ಲಿ ಬಹಳ ಜನ ಎಡವುತ್ತಾರೆ: ಅಡ್ಡಕ್ಕೊಂದು, ಉದ್ದಕ್ಕೊಂದು ಎಂದು ಎರಡು ಸ್ವತಂತ್ರ ಸ್ಪ್ರಿಂಗ್ ಹಾಕುತ್ತಾರೆ. ಮೊಳೆ ಓರೆಯಾಗಿ ಸರಿದಾಗ ಎರಡೂ ತಮ್ಮ ಪೂರ್ಣ ಬಲ ಕೊಡುತ್ತವೆ. 45 ಡಿಗ್ರಿಯಲ್ಲಿ ಮೊಳೆಯ ಶಕ್ತಿ 1.41 ಪಟ್ಟು ತೋರುತ್ತದೆ. ಮೊದಲು ಒಂದು ಲೀನಿಯರ್ ಲೆಕ್ಕ ಓಡಿಸಿ, ಪ್ರತಿ ಮೊಳೆ ಯಾವ ದಿಕ್ಕಿಗೆ ಸರಿಯುತ್ತದೆಂದು ನೋಡಿ, ಸ್ಪ್ರಿಂಗ್ ಜೋಡಿಯನ್ನು ಆ ದಿಕ್ಕಿಗೆ ತಿರುಗಿಸಿ.

ಸ್ಟಡ್ ಮತ್ತು ಪ್ಲೇಟ್ (ಮೇಲೆ, ಕೆಳಗೆ ಅಡ್ಡಲಾಗಿರುವ ಮರ) ಸೇರುವಲ್ಲಿ ಪಿನ್, ಅಂದರೆ ತಿರುಗಬಲ್ಲ ಜೋಡಣೆ, ಸಾಕು. ಪರೀಕ್ಷೆ ಸುಲಭ: ಮೊಳೆಯ ಸ್ಪ್ರಿಂಗ್‌ಗಳನ್ನೆಲ್ಲ ತೆಗೆದು ಬರೀ ಚೌಕಟ್ಟನ್ನು ತಳ್ಳಿ. ಅದು ಯಾವ ಪ್ರತಿರೋಧವೂ ಇಲ್ಲದೆ ಓರೆಯಾಗಬೇಕು. ಆಗದಿದ್ದರೆ ಎಲ್ಲೋ ಒಂದು ಜೋಡಣೆ ಬಿಗಿಯಾಗಿಯೇ ಉಳಿದಿದೆ. ಪಕ್ಕಪಕ್ಕದ ಎರಡು ಹಾಳೆಗಳ ಅಂಚನ್ನೂ ಒಂದಾಗಿಸಬೇಡಿ, ನಡುವೆ 3 ಮಿ.ಮೀ. ಸಂದು ಇರುತ್ತದೆ. ಹೋಲ್ಡ್‌ಡೌನ್ ಎಳೆತಕ್ಕೆ ಮಾತ್ರ ದುಡಿಯುವಂತಿರಲಿ, ಒತ್ತಡ ಪ್ಲೇಟ್ ಮೂಲಕ ಇಳಿಯಲಿ.

ಭೂಕಂಪದ ಲೆಕ್ಕವಾದರೆ ಒಂದೇ ದಿಕ್ಕಿಗೆ ತಳ್ಳಿ ಪಡೆದ ಮೊಳೆಯ ಬಲ-ಜಾರಿಕೆ ಗ್ರಾಫ್ ಸಾಲದು. ಮೊದಲ ಸುತ್ತಿನಲ್ಲೇ ಮೊಳೆ ತನ್ನ ತೂತನ್ನು ಅಗಲಿಸಿಕೊಳ್ಳುತ್ತದೆ. ಮರಳಿ ಬರುವಾಗ ಆ ಪೊಳ್ಳಿನಲ್ಲಿ ಹೆಚ್ಚು ತಡೆಯಿಲ್ಲದೆ ಜಾರಿ, ಮತ್ತೆ ಮರ ಸಿಕ್ಕಾಗ ಹಿಡಿಯುತ್ತದೆ. ಗ್ರಾಫ್ ನಡುವಿನಲ್ಲಿ ಕಿರಿದಾಗುವುದು ಇದರಿಂದಲೇ. ಓಪನ್‌ಸೀಸ್ (OpenSees) ಎಂಬ ಭೂಕಂಪ ಲೆಕ್ಕದ ತಂತ್ರಾಂಶದಲ್ಲಿರುವ ಸಾಸ್ (SAWS) ಮಟೀರಿಯಲ್ 10 ಸಂಖ್ಯೆಗಳಲ್ಲಿ ಈ ನಡವಳಿಕೆಯನ್ನು ಹಿಡಿಯುತ್ತದೆ. ಆ ಸಂಖ್ಯೆಗಳನ್ನು ಅದೇ ಮೊಳೆ, ಅದೇ ಹಾಳೆ, ಅದೇ ಜಾತಿಯ ಮರದ ಆವರ್ತ (ಹಿಂದಕ್ಕೂ ಮುಂದಕ್ಕೂ ತಳ್ಳುವ) ಪರೀಕ್ಷೆಯಿಂದಲೇ ತೆಗೆದುಕೊಳ್ಳಿ. ಮೊಳೆಗನ್ನಿನ ಒತ್ತಡ ಹೆಚ್ಚಾಗಿ ತಲೆ ಹಾಳೆಯೊಳಗೆ ಹೂತುಹೋದ ಗೋಡೆಗೆ ಅವು ಹೊಂದುವುದಿಲ್ಲ; ಅಲ್ಲಿ ಮೊಳೆ ಬಾಗುವ ಮೊದಲೇ ತಲೆ ಹಾಳೆಯನ್ನು ತೂರಿ ಆಚೆ ಬರಬಹುದು.