ದುಬೈ ಟಿಕೆಟ್‌ಗೂ ಮುಂಚೆ ಪಾಸ್‌ಪೋರ್ಟ್ ತೆಗೆದು ನೋಡಿ

ಪ್ರಶ್ನೆ: ಮಗ ದುಬೈನಲ್ಲಿದ್ದಾನೆ. ನನ್ನನ್ನೂ ನಮ್ಮ ಯಜಮಾನರನ್ನೂ ಒಂದು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತಿದ್ದಾನೆ. ನನ್ನ ಪಾಸ್‌ಪೋರ್ಟಿನಲ್ಲಿ ‘ಗೌರಮ್ಮ’ ಎಂದಷ್ಟೇ ಇದೆ, ಸರ್‌ನೇಮ್ ಜಾಗ ಖಾಲಿ. ಏಜೆಂಟರು ‘ವೀಸಾ ಬರುತ್ತೆ ಬಿಡಿ’ ಅನ್ನುತ್ತಾರೆ. ತೊಂದರೆ ಆಗಬಹುದೇ?
– ಓದುಗರು, ಹಾಸನ

ಉತ್ತರ: ಆಗಬಹುದು ಅಮ್ಮಾ. ಅದಕ್ಕೇ ನಿಮ್ಮ ಪ್ರಶ್ನೆಯನ್ನು ಮೊದಲು ಎತ್ತಿಕೊಂಡೆ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದು ಯುಎಇ (ದುಬೈ, ಶಾರ್ಜಾ ಎಲ್ಲ ಸೇರಿದ ದೇಶ) 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಏಟು ಬಿದ್ದದ್ದು ನಮ್ಮಂಥವರಿಗೆ. ಮನೆತನದ ಹೆಸರು ಹಚ್ಚಿಕೊಳ್ಳುವ ರೂಢಿ ನಮ್ಮಲ್ಲಿ ಎಲ್ಲರಿಗೂ ಇಲ್ಲವಲ್ಲ. ಊರಿನದೋ ಅಪ್ಪನದೋ ಹೆಸರು ಇನಿಷಿಯಲ್ ಆಗಿರುತ್ತದೆ. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಎಷ್ಟೋ ಸಲ ಅದೂ ಬಿಟ್ಟುಹೋಗುತ್ತದೆ.

ಆದರೆ ಗಾಬರಿ ಬೇಡ. ಆಮೇಲೆ ಒಂದು ಸಡಿಲಿಕೆ ಕೊಟ್ಟರು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ, ಅಂದರೆ ಅಪ್ಪ-ಅಮ್ಮನ ಹೆಸರು ಮತ್ತು ವಿಳಾಸ ಇರುವ ಆ ಹಿಂದಿನ ಪುಟದಲ್ಲಿ, ತಂದೆಯ ಹೆಸರೋ ಮನೆತನದ ಹೆಸರೋ ಅಚ್ಚಾಗಿದ್ದರೆ ಒಪ್ಪುತ್ತಾರೆ. ಈಗಲೇ ಬೀರುವಿನಿಂದ ತೆಗೆದು ನೋಡಿ. ಯಜಮಾನರ ಹೆಸರು ಇದೆಯಲ್ಲ ಅಂತ ಸುಮ್ನೆ ಆಗಬೇಡಿ, ಸಡಿಲಿಕೆಯಲ್ಲಿ ಹೇಳಿರುವುದು ತಂದೆಯ ಹೆಸರು. ಅದು ಇದ್ದರೆ ವೀಸಾ ಅರ್ಜಿಗೆ ಮುಂದಿನ ಪುಟದ ಜೊತೆ ಆ ಪುಟದ ಪ್ರತಿಯನ್ನೂ ಹಾಕಿಸಿ. ಇಲ್ಲದಿದ್ದರೆ ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಳ್ಳಿ, ಟಿಕೆಟ್ಟು ವೀಸಾ ಎಲ್ಲ ಆಮೇಲೆ.

ಏಜೆಂಟರ ಮಾತಿನಲ್ಲಿ ಅರ್ಧ ಸತ್ಯವಿದೆ. ವೀಸಾ ಬಂದೂಬಿಡಬಹುದು. ತಡೆಯುವವರು ಬೆಂಗಳೂರು ಅಥವಾ ಮಂಗಳೂರಿನ ಚೆಕ್-ಇನ್ ಕೌಂಟರಿನವರು. ದುಬೈನವರು ವಾಪಸ್ ಕಳಿಸಿದರೆ ನಿಮ್ಮನ್ನು ಕರೆತರುವ ಹೊಣೆ ವಿಮಾನ ಕಂಪನಿಯದ್ದೇ. ಹಾಗಾಗಿ ಅವರಿಗೆ ಅನುಮಾನ ಬಂದರೆ ಹತ್ತಿಸಿಕೊಳ್ಳುವುದಿಲ್ಲ. ಮಗನಿಗೆ ಹೇಳಿ ವಿಮಾನ ಕಂಪನಿಗೆ ‘ಈ ಪಾಸ್‌ಪೋರ್ಟಿನಲ್ಲಿ ಹತ್ತಿಸಿಕೊಳ್ಳುತ್ತೀರಾ’ ಎಂದು ಒಂದು ಇಮೇಲ್ ಹಾಕಿಸಿ, ಬಂದ ಉತ್ತರದ ಪ್ರಿಂಟ್ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಉಳಿದಿದ್ದು ಸುಲಭ. ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ವಾಪಸ್ ಟಿಕೆಟ್ ಬೇಕು. ಹೋಟೆಲ್ ಬದಲು ಮಗನ ಮನೆಯಲ್ಲಿ ಇಳಿಯುವುದರಿಂದ ಅವನ ಎಮಿರೇಟ್ಸ್ ಐಡಿ (ಅಲ್ಲಿಯ ಗುರುತಿನ ಚೀಟಿ) ಮತ್ತು ಬಾಡಿಗೆ ಕರಾರಿನ ಪ್ರತಿ ತರಿಸಿಟ್ಟುಕೊಳ್ಳಿ. ಪ್ರವಾಸಿ ವೀಸಾ 30 ಮತ್ತು 60 ದಿನಗಳದ್ದು ಸಿಗುತ್ತದೆ. ‘ಒಂದು ತಿಂಗಳು’ ಅಂತ ಹೋದ ಅಪ್ಪ-ಅಮ್ಮ ಮೊಮ್ಮಕ್ಕಳ ಮುಖ ನೋಡಿ ಎರಡು ದಿನ ಜಾಸ್ತಿ ಉಳಿಯುವುದು ಇದ್ದದ್ದೇ, ಅಲ್ವಾ? ಅವಧಿ ಮೀರಿದರೆ ತಲೆಗೆ ದಿನಕ್ಕೆ 50 ದಿರ್ಹಮ್ ದಂಡ. ನನ್ನ ಕೇಳಿದರೆ 60 ದಿನದ್ದೇ ವಾಸಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಶಾರ್ಜಾಗೆ ಹೊರಟಿದ್ದೇನೆ. ಮಸಾಲೆ ಪುಡಿ, ಬಾಣಂತಿ ಸಾಮಾನು, ನನ್ನ ಮಾತ್ರೆ ಎಲ್ಲ ಒಯ್ಯಬಹುದೇ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಗಸಗಸೆ ಡಬ್ಬ ಈಚೆ ತೆಗೆದಿಡಿ. ನಮಗೆ ಅದು ಪಾಯಸದ ಸಾಮಾನು. ಅವರಿಗೆ ಅಫೀಮಿನ ಗಿಡದ ಬೀಜ, ಮಾದಕ ವಸ್ತುವಿನ ಕಾನೂನಿನಡಿ ನಿಷಿದ್ಧ. ಮನೆಯಲ್ಲಿ ಕುಟ್ಟಿಸಿದ ಸಾಂಬಾರ್ ಪುಡಿಗೋ ಗರಂ ಮಸಾಲೆಗೋ ಒಂದು ಹಿಡಿ ಗಸಗಸೆ ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ, ಆ ಪುಡಿಯೂ ಬೇಡ. ‘ನಂಗೊತ್ತಿರಲಿಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಎಲೆ-ಅಡಿಕೆ ಇಲ್ಲದೆ ಬಾಣಂತನ ಆಗದು ಅನ್ನುವವರಿಗೆ ಇನ್ನೊಂದು ಮಾತು: ದುಬೈ ಕಸ್ಟಮ್ಸ್‌ನವರ ನಿಷೇಧದ ಪಟ್ಟಿಯಲ್ಲಿ ವೀಳ್ಯದೆಲೆಯೂ ಇದೆ. ವಿಮಾನ ಇಳಿಯುವುದು ದುಬೈನಲ್ಲೇ ಆಗಿರಬಹುದು, ಹಾಗಾಗಿ ಬಿಟ್ಟೇ ಹೋಗಿ.

ಬಿಪಿ, ಶುಗರ್ ಮಾತ್ರೆಗೆ ತೊಂದರೆ ಇಲ್ಲ. ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ, ಡಾಕ್ಟರ ಚೀಟಿ ಜೊತೆಗಿರಲಿ. ಎಚ್ಚರ ಬೇಕಾದದ್ದು ನೋವು, ನಿದ್ರೆ, ಕೆಮ್ಮಿನ ಔಷಧಿಗಳಲ್ಲಿ. ಟ್ರಮಡಾಲ್, ಕೋಡೀನ್ ಇರುವ ಕಾಫ್ ಸಿರಪ್, ಅಲ್ಪ್ರಜೋಲಾಮ್, ನರದ ನೋವಿಗೆ ಬರೆಯುವ ಪ್ರಿಗಾಬಲಿನ್, ಇವೆಲ್ಲ ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಇವು ಬೇಕೇ ಬೇಕೆಂದರೆ ಹೊರಡುವ ಮುಂಚೆ ಯುಎಇ ಸರ್ಕಾರದ ಆನ್‌ಲೈನ್ ಅನುಮತಿ ಪಡೆಯಬೇಕು. ಹೆಸರು ಗೊತ್ತಾಗದಿದ್ದರೆ ಸ್ಟ್ರಿಪ್ ಹಿಡಿದು ಮೆಡಿಕಲ್ ಶಾಪಿನವರನ್ನು ಕೇಳಿ, ನಿಮಿಷದ ಕೆಲಸ.

ಹಾಂ, ವಾಟ್ಸಾಪ್ ಕಾಲ್ ಅಲ್ಲಿ ಹೋಗುವುದಿಲ್ಲ, ಮೆಸೇಜು ಫೋಟೊ ಹೋಗುತ್ತದೆ. ಊರಲ್ಲಿರುವವರಿಗೆ ಇದನ್ನು ಮೊದಲೇ ಹೇಳಿ ಹೊರಡಿ, ಪಾಪ, ಫೋನ್ ಹತ್ತಲಿಲ್ಲ ಅಂತ ಹೆದರಿಕೊಂಡಾರು.

ಪ್ರಶ್ನೆ: ಅಮೆರಿಕದ ವೀಸಾ ಇದ್ದರೆ ಯುಎಇಗೆ ವೀಸಾನೇ ಬೇಡವಂತೆ, ನಿಜವೇ?
– ಓದುಗರು, ಬೆಂಗಳೂರು

ಉತ್ತರ: ಬೇಡ ಅಂತಲ್ಲ, ಇಳಿದ ಮೇಲೆ ಕೊಡುತ್ತಾರೆ. 14 ದಿನಕ್ಕೆ, ಶುಲ್ಕ ಕಟ್ಟಿ. ಅಮೆರಿಕದ ವೀಸಾ ಚಾಲ್ತಿಯಲ್ಲಿರಬೇಕು. ಒಂದೇ ಹೆಸರಿನ ತೊಡಕು ಇಲ್ಲಿಯೂ ಉಂಟು, ಮೇಲಿನ ಉತ್ತರ ಓದಿ.

ಪ್ರಶ್ನೆ: ಒಂದು ವಾರಕ್ಕೆ ಹೋಗುತ್ತಿದ್ದೇವೆ. 40 ಗ್ರಾಂ ಚಿನ್ನ ಸುಂಕವಿಲ್ಲದೆ ತರಬಹುದು ಎನ್ನುತ್ತಾರೆ. ಎಷ್ಟು ನಿಜ?
– ಓದುಗರು, ಉಡುಪಿ

ಉತ್ತರ: ಹೆಂಗಸರಿಗೆ 40, ಗಂಡಸರಿಗೆ 20 ಗ್ರಾಂ ಎಂಬ ಆಭರಣದ ರಿಯಾಯಿತಿ ಇರುವುದು ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ನೆಲೆಸಿ ಮರಳುವವರಿಗೆ. ವಾರದ ಪ್ರವಾಸಿಗಳಿಗಲ್ಲ. ದುಬೈನ ದೇರಾದ ಗೋಲ್ಡ್ ಸೂಕ್‌ನಲ್ಲಿ (ಚಿನ್ನದ ಪೇಟೆ) ಕೊಂಡರೆ ಬಿಲ್ ಇಟ್ಟುಕೊಳ್ಳಿ, ನಮ್ಮಲ್ಲಿಗೆ ಬಂದಿಳಿದ ಮೇಲೆ ಕಸ್ಟಮ್ಸ್‌ನ ರೆಡ್ ಚಾನೆಲ್‌ಗೆ (ಸುಂಕ ಕಟ್ಟಬೇಕಾದವರ ಸಾಲು) ಹೋಗಿ ಘೋಷಿಸಿ, ಸುಂಕ ಕಟ್ಟಿ. ಅದನ್ನೆಲ್ಲ ಕೂಡಿಸಿ ನೋಡಿದ ಮೇಲೂ ಅಲ್ಲಿಯದೇ ಅಗ್ಗವೆನಿಸಿದರೆ ಕೊಳ್ಳಿ. 250 ದಿರ್ಹಮ್‌ಗಿಂತ ಮೇಲಿನ ಖರೀದಿಗೆ ಪ್ರವಾಸಿಗಳಿಗೆ ಅಲ್ಲಿ ವ್ಯಾಟ್ (ಬಿಲ್ಲಿನಲ್ಲಿ ಸೇರಿದ ತೆರಿಗೆ) ವಾಪಸಿ ಇದೆ. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ಬಿಲ್ ಮಾಡಿಸಬೇಕು, ಅಲ್ಲಿಂದ ಹೊರಡುವಾಗ ಏರ್‌ಪೋರ್ಟಿನಲ್ಲಿ ಲಗೇಜ್ ಕೊಡುವ ಮುಂಚೆ ಅದಕ್ಕೆ ಮಂಜೂರಾತಿ ಪಡೆಯಬೇಕು. ಮನೆಯಿಂದ ಹಾಕಿಕೊಂಡು ಹೋಗುವ ಒಡವೆ ಜಾಸ್ತಿ ಇದ್ದರೆ ಹೊರಡುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿ. ಮರಳುವಾಗ ‘ಇದು ನನ್ನ ಹಳೇ ಸರ’ ಎಂದು ವಾದಿಸುತ್ತ ನಿಲ್ಲಬೇಕಾಗುವುದಿಲ್ಲ.